ಹೀಟರ್ ಆರಿಸಿದ ಕೈ

೩ ಫೆಬ್ರವರಿ, ಬೆಳಿಗ್ಗೆ

…‘ಹಲ್ಲಿಗಿ ತಿಳಿದದ್ದು ಮಶೀನಿಗಿ ತಿಳಿಯಂಗಿಲ್ರೀ’ — ಹೀಗೇನೋ ಅಂದಿದ್ದರು ಮಲಂಗಸಾಬ. ಪೂರ್ತಿ ನೆನಪಿಲ್ಲ. ದಾಲ್ ಮಿಲ್ಲಿನ ಹಳೆಯ ಆಪರೇಟರ್. ತೊಗರಿ ಒಣಗಿತೋ ಇಲ್ಲವೋ, ಒಂದು ಕಾಳು ಕಡಿದು ನೋಡುತ್ತಿದ್ದರು. ನಾನಾಗ ಡಿಜಿಟಲ್ ಟ್ವಿನ್ ಕಟ್ಟುತ್ತಿದ್ದೆ. ಇಡೀ ಮಿಲ್ಲಿನ ನಕಲು, ಪರದೆಯ ಮೇಲೆ. ಡ್ರೈಯರ್ ಎಷ್ಟು ಹೊತ್ತು ಓಡಬೇಕೆಂದು ಈಗ ಅದೇ ಹೇಳುತ್ತದೆ. ಮೂರು ತಿಂಗಳ ಪ್ರಯೋಗದಲ್ಲಿ ಕರೆಂಟು ಶೇಕಡಾ ಹದಿನೆಂಟು ಉಳಿತಾಯ. ಅದನ್ನು ತೋರಿಸಿಯೇ ಮಾಲೀಕ ಗುರುಪ್ರಸಾದ ಮಲಂಗಸಾಬರನ್ನು ಕೆಲಸದಿಂದ ಬಿಡಿಸಿದ್ದು. ಇಪ್ಪತ್ತಾರು ವರ್ಷದ ಕೆಲಸ. ವರದಿಯ ಕೆಳಗೆ ಸಹಿ ನನ್ನದು.

೮ ಫೆಬ್ರವರಿ

ಮಲಂಗಸಾಬ ಹೋದ ಮೇಲೆ ಬೇಳೆಯಲ್ಲಿ ನುಚ್ಚು ಹೆಚ್ಚು. ಕರೆಂಟೂ ಹೆಚ್ಚು. ಪರದೆಯಲ್ಲಿ ಮಾತ್ರ ಎಲ್ಲವೂ ಹಸಿರು.

೧೦ ಫೆಬ್ರವರಿ

ಮಿಲ್ಲಿನ ಎಲೆಕ್ಟ್ರಿಷಿಯನ್ ಬಂಡು, ಬೋರ್ಡಿನ ಧೂಳು ಒರೆಸುತ್ತ—

‘ಮಲಂಗ ಚಾಚಾ ಕಾಳು ಕಡದು ನೋಡಿ ಡ್ರೈಯರಿನ ಹೀಟರ್ ಬಂದ್ ಮಾಡ್ತಿದ್ರು ಸರ್. ನಿಮ್ಮ ಕಂಪ್ಯೂಟರ್ ಹೇಳೂದಕಿಂತ ಮೊದಲs.’

‘ನನಗ್ಯಾಕ ಹೇಳಲಿಲ್ಲ?’

‘ನೀವು ಪರದಿ ಬಿಟ್ಟು ಯಾರ ಮಾರಿ ನೋಡಿದ್ರಿ?’

ಹೀಟರಿನ ಸ್ವಿಚ್ಚಿಗೆ ನಾನು ಸೆನ್ಸರ್ ಇಟ್ಟಿರಲಿಲ್ಲ. ಆ ಶೇಕಡಾ ಹದಿನೆಂಟು ಉಳಿತಾಯ ಮಲಂಗಸಾಬರದು. ಟ್ವಿನ್‌ನ ಹೆಸರಿಗೆ ಬರೆದೆ.

೧೧ ಫೆಬ್ರವರಿ, ಸಂಜೆ

ಗುರುಪ್ರಸಾದರಿಗೆ ಹೇಳಿದೆ. ನಕ್ಕರು.

‘ಮುದುಕನ ಬಾಯಾಗ ಸೆನ್ಸರ್ ಕೂಡ್ರಸ್ತೀರೇನ್ರೀ ಈಗ?’ ನಗು ನಿಂತಿತು. ‘ಶುಕ್ರವಾರ ಕರೆಂಟು ಉಳಿತಾಯದ ಗ್ರೀನ್ ಸರ್ಟಿಫಿಕೇಟಿನವರು ಬರ್ತಾರ. ಅದೊಂದು ಮುಗೀಲಿ, ಅವನ್ನ ವಾಪಸ್ ಕರಿಯೋಣ. ಅಲ್ಲೀತನಕ ಸುಮ್ಮನಿರ್ರಿ.’

ಸುಮ್ಮನಿದ್ದೆ. ಅಷ್ಟು ಸುಲಭವೆಂದು ಗೊತ್ತಿರಲಿಲ್ಲ.

೨೨ ಫೆಬ್ರವರಿ

ಸರ್ಟಿಫಿಕೇಟು ಗೋಡೆಗೆ ಬಂತು. ಮಲಂಗಸಾಬರ ಮಾತು ಎತ್ತಿದೆ. ‘ಮುಂದಿನ ಸೀಸನ್ನಿಗಿ ನೋಡೋಣ್ರೀ’ ಎಂದರು ಗುರುಪ್ರಸಾದ. ಫೋನಿನಿಂದ ತಲೆ ಎತ್ತಲಿಲ್ಲ.

೨೩ ಫೆಬ್ರವರಿ, ಕಮಲಾಪುರ

ಮಲಂಗಸಾಬರ ಊರು. ಅವರು ಮನೆಯಲ್ಲಿಲ್ಲ. ಮಗಳು ಆಸ್ಮಾ ಬಾಗಿಲಿಗೆ ಬಂದಳು.

‘ಅಬ್ಬಾ ಲಾರಿಗಿ ಬಾಳಿಗೊನಿ ಏರ್ಸಾಕ ಹೋಗ್ಯಾರ್ರೀ. ಈ ವಯಸ್ಸಿಗಿ! ಕಂಪ್ಯೂಟರಿಗಿ ಕೇಳದs ಹೀಟರ್ ಮುಟ್ಟತಿದ್ದೆ, ಅದಕ್ಕs ತೆಗದ್ರು ಅಂತಾರ. ಕಂಪ್ಯೂಟರ್ ಸಾಹೇಬ್ರ ಲೆಕ್ಕ ಕೆಡಿಸೀನಿ, ಮಾಫಿ ಕೇಳಬೇಕು ಅಂತ ದಿನಾ ಅದs ಮಾತು.’

ನಿಜ ಹೇಳಬೇಕೆಂದು ಬಾಯಿ ತೆರೆದೆ. ಕುಡಿಯಲು ನೀರು ಕೇಳಿದೆ. ಕುಡಿದು ಬಂದುಬಿಟ್ಟೆ.

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಮಲಂಗಸಾಬ, ನೀವು ಬಂದು ಮಾಫಿ ಕೇಳಿದರೆ, ನಾನು ಕೊಟ್ಟುಬಿಡುತ್ತೇನೆಯೇ?