ಪೂಜೆ ಆಗಿಲ್ಲ ಕಣಮ್ಮಿ

ಎಂದೂ ನನ್ನ ಮೇಲೆ ಮುನಿಯದ ಅವ್ವನಿಗೆ,

ಬೇಗೂರಿನಿಂದ ನಿನ್ನ ಮಗಳು ಮಾಡುವ ನಮಸ್ಕಾರ. ನಿನಗೆ ಓದು ಬರುತ್ತಿರಲಿಲ್ಲ. ಆ ಧೈರ್ಯದಲ್ಲೇ ಬರೆಯುತ್ತಿದ್ದೇನೆ.

ಸೊಂಟದ ಮೂಳೆ ಮುರಿದಾಗ, ನಡೆಯುವ ಹಾಗಾದ ತಕ್ಷಣ ಕರೆದುಕೊಂಡು ಬರುತ್ತೇನೆಂದು ಚಾಮರಾಜನಗರದ ಆ ಆರೈಕೆ ಮನೆಯಲ್ಲಿ ನಿನ್ನನ್ನು ಬಿಟ್ಟವಳು ನಾನೇ. ದಿನಾ ಮಧ್ಯಾಹ್ನ ಅಂಗನವಾಡಿ ಮಕ್ಕಳು ಮಲಗಿದ ಮೇಲೆ ಫೋನ್ ಮಾಡುತ್ತಿದ್ದೆ. ಅಲ್ಲಿನ ಆಯಾ ಫೋನನ್ನು ನಿನ್ನ ಕಿವಿಗೆ ಹಿಡಿಯುತ್ತಿದ್ದಳು.

"ಊಟ ಆಯ್ತಾ ಅವ್ವ?"

"ಪೂಜೆ ಆಗಿಲ್ಲ ಕಣಮ್ಮಿ."

ಸಂಜೆ ಮಾಡಿದರೂ ಅದೇ ಉತ್ತರ. ಅರಳು ಮರಳು ಶುರುವಾಯಿತೆಂದುಕೊಂಡೆ. "ನಿಮ್ಮ ತಾಯಿಗೆ ಹಟ ಜಾಸ್ತಿ ಮೇಡಂ" ಎಂದು ಅಲ್ಲಿನ ಮೇಲ್ವಿಚಾರಕಿ ಹೇಳಿದಾಗ ನಾನು ಅವಳಿಗೇ ಸಾರಿ ಕೇಳಿದೆ!

ಭಾನುವಾರ ನಾನು ನೋಡಲು ಬಂದರೆ ನಿನಗೆ ಕುತ್ತಿಗೆಯವರೆಗೂ ಶಾಲು ಹೊದಿಸಿ ಕೂರಿಸಿರುತ್ತಿದ್ದರು. ಆಯಾ ಪಕ್ಕದಲ್ಲೇ ನಿಂತಿರುತ್ತಿದ್ದಳು. ನೀನು ಬಡವಾಗುತ್ತಿದ್ದುದು ಕಾಣುತ್ತಿತ್ತು. ತಿಂಗಳು ತಿಂಗಳು ಮಕ್ಕಳನ್ನು ತೂಕಕ್ಕೆ ಹಾಕಿ, ಕಾಲು ಕೆ.ಜಿ. ಇಳಿದರೂ ತಾಯಂದಿರನ್ನು ಬೈಯುವವಳು ನಾನು. ನಿನ್ನದನ್ನು ಮಾತ್ರ ವಯಸ್ಸು ಅಂದುಕೊಂಡೆ.

ಗುಂಡ್ಲುಪೇಟೆಯ ತರಬೇತಿ ಬೇಗ ಮುಗಿದು, ಹೇಳದೆ ಬಸ್ಸು ಹತ್ತಿ ಬಂದ ಆ ಬುಧವಾರ ಶಾಲು ಇರಲಿಲ್ಲ. ಕೊರಳಲ್ಲಿ ಶಿವದಾರವೂ ಇಲ್ಲ, ಲಿಂಗವೂ ಇಲ್ಲ. ಎರಡೂ ಮಣಿಕಟ್ಟಿನಲ್ಲಿ ಬಟ್ಟೆ ಬಿಗಿದ ಕಪ್ಪು ಗುರುತು. ನೀನು ಗೋಡೆ ಕಡೆ ತಿರುಗಿಕೊಂಡೆ. ಪಕ್ಕದ ಮಂಚದ ಈರಮ್ಮ ಬಾಯಿಬಿಟ್ಟಳು:

"ದಾರ ಕುತ್ಗೆಗೆ ಸುತ್ಕತದೆ ಅಂತ ಲಿಂಗ್ವ ಕಿತ್ತಿಟ್ಕಂಡ್ರು ಕಣವ್ವ. ಪೂಜೆ ಮಾಡ್ದೆ ಉಣ್ಣಲ್ಲ ಅಂದ್ಲು. ಕೈ ಕಟ್ಟಾಕ್ಬುಟ್ಟು ಬಾಯ್ಗೆ ತುರುಕ್ತಿದ್ರು. ಆಮೇಕೆ ಉಣ್ಸಾದ್ನೂ ಬುಟ್ಬುಟ್ರು."

ಲಿಂಗಕ್ಕೆ ನೀರೆರೆಯದೆ ನೀನು ಒಂದು ಗುಟುಕು ಕಾಫಿಯನ್ನೂ ಕುಡಿದವಳಲ್ಲ. ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ನನ್ನ ಲಿಂಗ ಬೀರು ಸೇರಿ ಎಷ್ಟೋ ವರ್ಷವಾಯಿತು. ನಿನ್ನದು ನೆನಪಿಗೇ ಬರಲಿಲ್ಲ.

ಫೋಟೊ ತೆಗೆದೆ. ದೊಡ್ಡಾಸ್ಪತ್ರೆಯ ಡಾಕ್ಟರಿಂದ ಗಾಯದ ವಿವರ ಬರೆಸಿ ಪೊಲೀಸರಿಗೆ ದೂರು ಕೊಟ್ಟೆ. ಈರಮ್ಮ ಹೆದರದೆ ಹೆಬ್ಬೆಟ್ಟು ಒತ್ತಿದಳು. ಅವಳನ್ನೀಗ ಮಗ ಮನೆಗೆ ಕರೆದುಕೊಂಡು ಹೋಗಿದ್ದಾನೆ. ನಿನ್ನ ಲಿಂಗ ಆಫೀಸಿನ ಡ್ರಾಯರಿನಲ್ಲಿತ್ತು, ಮಂಚದ ನಂಬರು ಬರೆದ ಕವರಿನೊಳಗೆ.

ಮನೆಗೆ ಬಂದ ದಿನ ಎಡಗೈಯಲ್ಲಿ ಲಿಂಗ ಹಿಡಿದು ಎಷ್ಟು ಹೊತ್ತು ಕೂತಿದ್ದೆ ನೀನು! ಆಮೇಲೆ "ಈಗ ಇಕ್ಕಮ್ಮಿ" ಅಂದೆ. ಎರಡು ತುತ್ತು ಇಳಿಯಿತು, ಅಷ್ಟೇ. ಒಂಬತ್ತನೆಯ ದಿನ ಹೋಗಿಬಿಟ್ಟೆ. ಸಮಾಧಿಯಲ್ಲಿ ಕೂರಿಸಿ ನಿನ್ನ ಎಡಗೈಗೆ ಲಿಂಗ ಇಟ್ಟಾಗಲೂ ಮಣಿಕಟ್ಟಿನ ಗುರುತು ಮಾಸಿರಲಿಲ್ಲ.

ಊಟ ಆಯ್ತಾ ಎಂದು ನೂರು ಸಲ ಕೇಳಿದೆನಲ್ಲ ಅವ್ವ, ಪೂಜೆ ಯಾಕಾಗಿಲ್ಲ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ನೀನು ಉಳಿಯುತ್ತಿದ್ದೆ.

ಹೋದ ಕಡೆ ನಿನ್ನ ಕೊರಳಿಗೆ ಯಾರೂ ಕೈ ಹಾಕದಿರಲಿ. ಪೂಜೆ ಮುಗಿಸಿ ಹೊಟ್ಟೆ ತುಂಬ ಉಣ್ಣವ್ವ.

ಕೇಳದೇ ಹೋದ ನಿನ್ನ ಮಗಳು,
ಕಾವ್ಯಶ್ರೀ