ದನಿ ನನ್ನದೇ ಅಮ್ಮ

ಅಮ್ಮಂಗೆ,

ನನ್ನ ದನಿ ಕೇಳಿದ ತಕ್ಷಣ ನೀನು ಫೋನ್ ಕಟ್ ಮಾಡ್ತೀಯ. ಅದಕ್ಕೇ ತಂಗಿಗೆ ವಾಯ್ಸ್ ಕಳಿಸ್ತಿದೀನಿ, ಅವಳು ಬರೆದು ನಿನ್ನ ಕೈಗೆ ಕೊಡ್ತಾಳೆ.

ದೂರ ಹೋದ ಹುಡುಗರ ದನೀಲಿ ಮೆಷಿನ್ ಮಾತಾಡುತ್ತೆ ಅಂತ ಟೈಲರ್ ಮಾಮ ಹೇಳಿದ್ರಂತೆ. ಮಾಮಂಗೆ ಹೇಳಿದ್ದು ಅವರ ಅಳಿಯ, ಅಳಿಯ ನೋಡಿದ್ದು ಯಾವುದೋ ವಿಡಿಯೊ. ಹೆತ್ತವಳು ನೀನು, ಗುರುತು ಹಿಡಿಯೋರು ಅವರಾ?

ಚಿಕ್ಕೋನಿದ್ದಾಗ ಅಂಗಿ ಗುಂಡಿ ನುಂಗಿದ್ದನ್ನ ನೆನಪಿಸಿದ್ರೆ "ಮೆಷಿನ್‌ಗೆ ಎಲ್ಲಾ ಗೊತ್ತಿರುತ್ತೆ" ಅಂತೀಯ. ಅತ್ತೆಯ ಮೊಮ್ಮಗಳ ಹೆಸರು ನಾನು ಮರೆತ್ರೆ "ನೋಡು, ಸಿಕ್ಕಿಬಿದ್ದ" ಅಂತೀಯ. ಮೊನ್ನೆ ಕೆಲಸದ ಅವಸರದಲ್ಲಿ "ಬರ್ತೀನಮ್ಮ" ಅನ್ನೋ ಬದಲು "ಹೋಗ್ತೀನಮ್ಮ" ಅಂದ್ಬಿಟ್ಟೆ. "ನನ್ನ ಮಗ ಪ್ರಾಣ ಹೋದ್ರೂ ಹಾಗನ್ನಲ್ಲ" ಅಂತ ಅವತ್ತಿಂದ ಮಾತೇ ಬಿಟ್ಟಿದೀಯ. ದಿನವಿಡೀ ಲಾಂಡ್ರೀಲಿ ಹೋಟೆಲ್ ಬೆಡ್‌ಶೀಟ್‌ಗಳಿಗೆ ಇಸ್ತ್ರಿ ಹಾಕ್ತೀನಿ, ಜೊತೇಲಿರೋ ಯಾರಿಗೂ ನಮ್ಮ ಭಾಷೆ ಬರಲ್ಲ. ನನ್ನ ಮಾತು ನನಗೇ ತಪ್ಪುತ್ತೆ ಅಮ್ಮ.

ಆಯ್ತು, ಮೆಷಿನ್ ಅಂತಾನೇ ಇಟ್ಕೋ. ಭಾನುವಾರ ಫೋನ್ ಮಾಡ್ತೀನಿ. ಎತ್ತಿ, ಆ ಮೆಷಿನ್‌ಗೆ ಬಾಯಿಗೆ ಬಂದ ಹಾಗೆ ಬೈ. ಬೈದು ಸುಸ್ತಾದ ಮೇಲೆ, "ಊಟ ಆಯ್ತಾ" ಅಂತ ಒಂದು ಮಾತು ಕೇಳು. ಇಲ್ಲಿ ಯಾರೂ ಕೇಳಲ್ಲ.

ಇಂತಿ,
ನಿನ್ನ ಮಗನೇ