ಅರ್ಧಕ್ಕೇ ನಿಂತ ವಾದ

ಮನೆಯಿಂದ,
ಆರನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸುರಂಗದ ಕೆಲಸದ ಧೂಳಿಗೆ ಹತ್ತಿಕೊಂಡಿದ್ದ ಕೆಮ್ಮು ಕಡಿಮೆಯಾಯಿತೇ? ಮೂಗಿಗೆ ಬಟ್ಟೆ ಕಟ್ಟಿಕೊ ಎಂದರೆ ಉಸಿರು ಕಟ್ಟುತ್ತದೆ ಎನ್ನುತ್ತೀಯ, ಹಟಮಾರಿ. ಅಮ್ಮ ಗಟ್ಟಿಯಾಗಿದ್ದಾಳೆ. ಅಂದರೆ ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ, ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನು ಅಪ್ಪನ ಹಾಸಿಗೆಯ ಪಕ್ಕದಲ್ಲೇ ಇದೆ. ಭಾನುವಾರ ನೀನು ಮಾಡಿದಾಗ ಮೂರು ಸಲ ಬಾಯಿ ತೆರೆದೆ, ಕೊನೆಗೆ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ.

ಆಪರೇಷನ್ ಬೇಡ ಎಂದು ಅಪ್ಪನೇ ತೀರ್ಮಾನ ಮಾಡಿದರು ಎಂದು ಚಿಕ್ಕಪ್ಪ ನಿನಗೆ ಹೇಳಿದರಲ್ಲ, ಅದು ಸುಳ್ಳಲ್ಲ. ಆದರೆ ಆ ತೀರ್ಮಾನವನ್ನು ಅವರ ಬಾಯಿಗಿಟ್ಟವಳು ನಾನು. ನಿನಗೆ ಗೊತ್ತಿರಬೇಕು ಎಂದು ಬರೆಯುತ್ತಿದ್ದೇನೆ.

ನಾನು ತತ್ವಶಾಸ್ತ್ರದ ಬಿ.ಎ.ಗೆ ಸೇರಿದಾಗ ಚಿಕ್ಕಪ್ಪ "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಆಡಿಕೊಂಡದ್ದು ನೆನಪಿದೆ ತಾನೇ? ಆಗ ಅಪ್ಪ ಸ್ಪ್ಯಾನರ್ ಒರೆಸುತ್ತಾ "ಈ ಮನೇಲಿ ನಲ್ಲಿ ಬಿಚ್ಚೋನು ಒಬ್ಬ ಇದ್ದೀನಿ, ಕಲ್ಲು ಒಡೆಯೋನು ಒಬ್ಬ ಇದ್ದಾನೆ. ಯೋಚ್ನೆ ಮಾಡೋಕೆ ಒಬ್ಳು ಬೇಡ್ವೇನೋ?" ಎಂದರು. ಆಮೇಲೆ ಪೈಪು ಜೋಡಿಸಲು ಹೋದ ಮನೆಗಳಲ್ಲೆಲ್ಲ ಅದನ್ನೇ ಡಂಗುರ ಹೊಡೆದರು. ಯಾವ ಗೋಡೆ ಒಡೆಯಬೇಕು ಎಂಬುದಕ್ಕೂ ನನ್ನನ್ನು ಕೇಳುವಷ್ಟು ನಂಬಿಕೆ, ಪಾಪ.

ನಮ್ಮ ತರ್ಕದ ಮೇಡಂ ಒಂದು ನಿಯಮ ಇಟ್ಟಿದ್ದಾರೆ. ಏನೇ ಬರೆಯಲಿ, ಮೊದಲು ಪೂರ್ವಪಕ್ಷ, ಅಂದರೆ ನಾವು ಒಪ್ಪದವರ ವಾದ. "ಅದನ್ನ ಎಷ್ಟು ಚೆನ್ನಾಗಿ ಹೇಳ್ಬೇಕು ಅಂದ್ರೆ, ಎದುರಾಳಿ ಕೇಳಿ ಅಬ್ಬಾ, ನನಗೇ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ ಅನ್ಬೇಕು. ನಿಮ್ಮ ಮಾತು ಆಮೇಲೆ." ಎರಡು ವರ್ಷ ಅದನ್ನೇ ತಿದ್ದಿ ತಿದ್ದಿ ಕೈಗೂ ಬಾಯಿಗೂ ಹಿಡಿದುಬಿಟ್ಟಿದೆ. ಅಮ್ಮನ ಜೊತೆ ಜಗಳಕ್ಕೆ ಕೂತರೂ ಮೊದಲು ಅಮ್ಮನ ಪರವಾಗಿಯೇ ಮಾತಾಡಿ ನಾನೇ ಸೋಲುತ್ತೇನೆ.

ಕಳೆದ ಬುಧವಾರ ಡಾಕ್ಟರು ಹೊಟ್ಟೆಯ ಗಡ್ಡೆ ತೆಗೆದರೆ ಉಳಿಯುವುದು ಅರ್ಧಕ್ಕರ್ಧ, ತೆಗೆಯದಿದ್ದರೆ ಐದಾರು ತಿಂಗಳು ಎಂದರು. ಸಂಜೆ ಎಲ್ಲರೂ ಹಾಸಿಗೆಯ ಸುತ್ತ ಕೂತೆವು. "ಅವಳನ್ನ ಕೇಳಿ, ಓದಿರೋಳು" ಎಂದರು ಅಪ್ಪ. ನನಗೆ ಆಪರೇಷನ್ ಬೇಕಿತ್ತಣ್ಣಾ. ದೇವರಾಣೆಗೂ ಬೇಕಿತ್ತು. ಆದರೆ ನನ್ನ ಹಾಳು ಅಭ್ಯಾಸ, ಮೊದಲು ಬೇಡ ಎನ್ನುವವರ ಪಕ್ಷ ಎತ್ತಿಕೊಂಡೆ. ತನ್ನ ಸ್ಪ್ಯಾನರ್ ಚೀಲವನ್ನು ಇನ್ನೊಬ್ಬರ ಕೈಗೆ ಕೊಡದ ಮನುಷ್ಯನನ್ನು ಆಪರೇಷನ್ ಆದಮೇಲೆ ಇಬ್ಬರು ಹಿಡಿದು ಬಚ್ಚಲಿಗೆ ಕರೆದೊಯ್ಯಬೇಕಾದೀತು ಎಂದೆ. ನಮ್ಮ ಹೆದರಿಕೆ ತೀರಿಸಿಕೊಳ್ಳಲು ಅವರ ಮೈ ಕೊಯ್ಯಿಸುವುದು ಯಾವ ನ್ಯಾಯ ಎಂದೆ. ಬದುಕನ್ನು ದಿನಗಳಲ್ಲಿ ಅಳೆಯಬಾರದು ಎಂದೂ ಹೇಳಿದೆ. ಪರೀಕ್ಷೆಯಲ್ಲಿ ಆ ಸಾಲಿನ ಪಕ್ಕ ಮೇಡಂ ಕೆಂಪು ಶಾಯಿಯಲ್ಲಿ ಭೇಷ್ ಎಂದು ಬರೆದಿದ್ದರು. ಚೆನ್ನಾಗಿ ಮಾತಾಡಿದೆ. ಮಾತಾಡುತ್ತಾ ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು, ನನ್ನ ಬಾಯಿಗಿಷ್ಟು ಮಣ್ಣು ಹಾಕ. ಇನ್ನು "ಆದರೆ" ಎಂದು ನನ್ನ ಮಾತು ಶುರು ಮಾಡಬೇಕು, ಅಷ್ಟರಲ್ಲಿ ಅಪ್ಪ ಕೈ ಹಿಡಿದುಕೊಂಡರು. "ಸಾಕು ಮಗಳೇ. ನನ್ನ ಮನಸ್ಸಲ್ಲಿದ್ದದ್ದನ್ನ ಇಷ್ಟು ಚೆನ್ನಾಗಿ ಹೇಳೋಕೆ ನನಗೇ ಬರ್ತಿರಲಿಲ್ಲ." ಚಿಕ್ಕಪ್ಪ ಕಣ್ಣೊರೆಸಿಕೊಂಡು "ನಿನ್ನ ಓದನ್ನ ಆಡ್ಕೊಂಡಿದ್ದೆ, ತಪ್ಪಾಯ್ತಮ್ಮ" ಎಂದರು. ಅಮ್ಮ ಎದ್ದು ಒಳಗೆ ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ದಿನ ಅಪ್ಪನ ಹತ್ತಿರ ಎಲ್ಲ ಹೇಳಿದೆ, ಅದು ನನ್ನ ಅಭಿಪ್ರಾಯವೇ ಅಲ್ಲ ಎಂದು ಗೋಗರೆದೆ. ಅವರು ನನ್ನ ಕೆನ್ನೆ ತಟ್ಟಿ "ನಿನ್ನೆ ಬುದ್ಧಿ ಮಾತಾಡಿತ್ತು, ಇವತ್ತು ಹೆದರಿಕೆ ಮಾತಾಡ್ತಿದೆ" ಎಂದರು. ಉಳಿದರ್ಧ ವಾದವನ್ನಾದರೂ ಬರೆದು ಓದಿ ಹೇಳೋಣ ಎಂದು ಕೂತೆ. ಒಂದು ಕಾರಣ ಬರೆದರೆ ನನ್ನದೇ ಹಿಂದಿನ ಮಾತು ಅದನ್ನು ಹೊಡೆದುಹಾಕುತ್ತದೆ. ಎಂಟು ಹಾಳೆ ಹರಿದೆ. ಕೊನೆಗೆ ಉಳಿದದ್ದು ನನಗೆ ಅಪ್ಪ ಬೇಕು ಎನ್ನುವುದೊಂದೇ, ಅದು ವಾದವಲ್ಲ. ಕಾಲೇಜಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಅಪ್ಪನಿಗೆ ರಜೆ ಎಂದಿದ್ದೇನೆ, ನಂಬಿದ್ದಾರೆ. ನಾನು ಹೇಳಿದ್ದನ್ನೆಲ್ಲ ನಂಬುತ್ತಾರಣ್ಣಾ.

ನನ್ನನ್ನು ಬೈಯಬೇಕೆನಿಸಿದರೆ ಬೈದು ಬರೆ, ಕಾಯುತ್ತಿರುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ ಇದರ ಜೊತೆಗೇ ಇದೆ ಎಂದುಕೊ, ಕೇಳಲು ನನಗೆ ಮುಖವಿಲ್ಲ.

ನಿನ್ನ
ತಂಗಿ

ಮರೆತದ್ದು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬೇಗ ಗೀಚುತ್ತಿದ್ದೇನೆ. ಡಾಕ್ಟರು ಹದಿನೈದನೇ ತಾರೀಕಿನವರೆಗೆ ಕಾಯುತ್ತಾರಂತೆ, ಅದು ದಾಟಿದರೆ ಗಡ್ಡೆಗೆ ಕೈ ಹಾಕಲು ಆಗುವುದಿಲ್ಲವಂತೆ. ಇದು ಸಿಕ್ಕ ತಕ್ಷಣ ಅಪ್ಪನಿಗೆ ಫೋನ್ ಮಾಡು. ಕಾರಣ ಮಾತ್ರ ಒಂದೂ ಹೇಳಬೇಡ, ಪ್ರತಿಯೊಂದಕ್ಕೂ ನಾನು ಕಲಿಸಿಕೊಟ್ಟ ಉತ್ತರ ಅವರ ಬಳಿ ಇದೆ. ಸುಮ್ಮನೆ ಅತ್ತುಬಿಡು.